ಕುಡಿತದ ಬಗ್ಗೆ ಜನ ಡಾಕ್ಟರ್ ಹತ್ತಿರ ಎಷ್ಟು ಮಾತಾಡುತ್ತಾರೆ?

ಅಮೆರಿಕದಲ್ಲಿ ದೊಡ್ಡವರು ತಮ್ಮ ಕುಡಿತದ ವಿಷಯವನ್ನು ಡಾಕ್ಟರ್ ಅಥವಾ ನರ್ಸ್ ಹತ್ತಿರ ಎಷ್ಟರ ಮಟ್ಟಿಗೆ ಮಾತಾಡುತ್ತಾರೆ ಅಂತ ಕೇಳಿದ್ದೀರಿ. ತುಂಬಾ ಕಡಿಮೆ. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿ 2014ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ ಆರು ಜನರಲ್ಲಿ ಒಬ್ಬರು ಮಾತ್ರ ಮಾತಾಡಿದ್ದರು. ಅದೂ ಒಂದು ವರ್ಷದ ಲೆಕ್ಕ ಅಲ್ಲ, ಇಡೀ ಜೀವನದಲ್ಲಿ ಒಮ್ಮೆಯಾದರೂ ಮಾತಾಡಿದವರ ಲೆಕ್ಕ! (ಅಂಕಿಗಳು 2011ರ ಸಮೀಕ್ಷೆಯವು.)

ಒಂದೇ ಸಲಕ್ಕೆ ಜಾಸ್ತಿ ಕುಡಿಯುವವರ ಕಥೆಯೂ ಅಷ್ಟಕ್ಕಷ್ಟೇ. ಗಂಡಸರಾದರೆ 5, ಹೆಂಗಸರಾದರೆ 4 ಡ್ರಿಂಕ್ (ಒಂದು ಡ್ರಿಂಕ್ ಅಂದರೆ ಸುಮಾರು ಒಂದು ಚಿಕ್ಕ ಬಾಟಲಿ ಬಿಯರ್) ಅಥವಾ ಅದಕ್ಕಿಂತ ಹೆಚ್ಚು ಅಂತ ಇದರ ಅಳತೆ. ಇವರಲ್ಲಿ ನಾಲ್ಕಕ್ಕೆ ಒಬ್ಬರು ಮಾತಾಡಿದ್ದರು. ತಿಂಗಳಿಗೆ ಹತ್ತು ಸಲ ಅಥವಾ ಅದಕ್ಕಿಂತ ಹೆಚ್ಚು ಹೀಗೆ ಕುಡಿಯುವವರಲ್ಲೂ ಸುಮಾರು ಮೂರಕ್ಕೆ ಒಬ್ಬರೇ.

ಯಾಕೆ ಹೀಗೆ? ಡಾಕ್ಟರಿಗೆ ಪುರುಸೊತ್ತಿಲ್ಲ, ರೋಗಿಗೆ ಸಂಕೋಚ. ಇದಕ್ಕಿಂತ ದೊಡ್ಡ ತೊಡಕು ಅಂದರೆ, ಈ ಮಾತು ಚಟಕ್ಕೆ ಬಿದ್ದವರಿಗೆ ಮಾತ್ರ ಅನ್ನೋ ನಂಬಿಕೆ. ಆದರೆ ಮಿತಿ ಮೀರಿ ಕುಡಿಯುವವರಲ್ಲಿ ಹೆಚ್ಚಿನವರು ಚಟಕ್ಕೆ ಬಿದ್ದವರಲ್ಲ. ಅಂಥವರಿಗೇ ಡಾಕ್ಟರ ಹತ್ತು ನಿಮಿಷದ ಮಾತು ಉಪಯೋಗಕ್ಕೆ ಬರೋದು.

ಕೇಳೋಕೆ ದೊಡ್ಡ ಪರೀಕ್ಷೆಯೇನೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಪ್ರಶ್ನಾವಳಿಯಲ್ಲಿ ಇರೋದೇ 10 ಪ್ರಶ್ನೆ. ಅದರ ಚಿಕ್ಕ ರೂಪದಲ್ಲಿ ಬರೀ ಮೂರು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಡ್ರಿಂಕ್ ಕುಡಿಯುತ್ತೀರಿ, ಒಂದೇ ಸಲಕ್ಕೆ ತೀರಾ ಜಾಸ್ತಿ ಆಗೋದು ಎಷ್ಟು ಸಲ. ಬಿಪಿ ನೋಡುವಷ್ಟು ಹೊತ್ತು ಸಾಕು, ಅಲ್ವಾ? ಡಾಕ್ಟರ್ ಕೇಳದಿದ್ದರೆ ನೀವೇ ಮಾತು ತೆಗೆಯಬಹುದು.