ಮಸ್ಕತ್‌ಗೆ ಹೊರಟಿರುವ ವಿರಾಜಪೇಟೆಯ ತಮ್ಮನಿಗೆ

ಒಮಾನಿನಲ್ಲಿ ಸರ್ವಾಧಿಕಾರವಿದೆಯಂತೆ, ಅಲ್ಲಿ ನೆಮ್ಮದಿಯಿಂದ ಬಾಳಬಹುದೇ ಎಂದು ಕೇಳಿದ್ದೀರಿ. ಬಾಳಬಹುದು, ನಾನು ಇಪ್ಪತ್ತೊಂದು ವರ್ಷಗಳಿಂದ ಇಲ್ಲಿದ್ದೇನೆ. ಆದರೆ ‘ಸರ್ವಾಧಿಕಾರ’ ಎಂಬ ಪದದಲ್ಲಿ ನಾವು ಎರಡು ಬಗೆಯ ಆಳ್ವಿಕೆಗಳನ್ನು ಬೆರೆಸಿಬಿಡುತ್ತೇವೆ. ಹೊರಡುವ ಮೊದಲು ಅವನ್ನು ಬಿಡಿಸಿ ನೋಡಿ.

ಮೊದಲ ಬಗೆಗೆ, ಹಳೆಯ ಕಾಲದ್ದಾದರೂ, ನಮ್ಮ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನೇ ನೆನೆಯಿರಿ. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಆ ಅರಸನ ಕೋಪಕ್ಕೆ ಸ್ವಂತ ಬಂಧುಗಳೇ ಬಲಿಯಾದರು. ಆದರೂ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯನಾದ ಪಟ್ಟೆದಾರನ ಮಾತು, ಊರಿನಲ್ಲಿ ಮುಖಂಡರಾದ ತಕ್ಕರ ಮಾತು ನಡೆಯುತ್ತಿತ್ತು, ಪೂರ್ವಜರ ಗುಡಿಯಾದ ಕೈಮಡದ ದೀಪ ಅರಮನೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಆಧುನಿಕ ಕಾಲದ ಇಂಥ ನಿರಂಕುಶ ಆಡಳಿತವನ್ನು ರಾಜ್ಯಶಾಸ್ತ್ರಜ್ಞ ಹುವಾನ್ ಲಿನ್ಸ್ 1964ರಲ್ಲಿ ಸೇನಾನಾಯಕ ಫ್ರಾಂಕೊ ಆಳುತ್ತಿದ್ದ ಸ್ಪೇನನ್ನು ಮುಂದಿಟ್ಟುಕೊಂಡು ವಿವರಿಸಿದರು. ಅಲ್ಲಿ ವಿರೋಧ ಪಕ್ಷಗಳಿಗೆ ಎಡೆಯಿರಲಿಲ್ಲ, ಆದರೆ ಚರ್ಚು, ಸೈನ್ಯ, ಉದ್ಯಮಿಗಳು ತಮ್ಮ ತಮ್ಮ ನೆಲೆಯನ್ನು ಉಳಿಸಿಕೊಂಡಿದ್ದರು. ಜನರು ರಾಜಕೀಯದ ಗೊಡವೆಗೆ ಹೋಗದೆ ಸುಮ್ಮನಿದ್ದರೆ ಸರ್ಕಾರಕ್ಕೆ ಅಷ್ಟೇ ಸಾಕಾಗಿತ್ತು.

ಎರಡನೆಯ ಬಗೆಯಾದ ಟೋಟಲಿಟೇರಿಯನ್ ಅಥವಾ ಸಮಗ್ರಾಧಿಕಾರದ ಆಡಳಿತಕ್ಕೆ ಅಷ್ಟು ಸಾಲದು. 1975ರಿಂದ 1979ರವರೆಗೆ ಕಾಂಬೋಡಿಯಾವನ್ನು ಆಳಿದ ಪೋಲ್ ಪಾಟ್‌ನ ಕಮ್ಯುನಿಸ್ಟ್ ಸಂಘಟನೆ ಖ್ಮೇರ್ ರೂಜ್ ರಾಜಧಾನಿಯನ್ನೇ ಖಾಲಿ ಮಾಡಿಸಿತು, ಹಣವನ್ನು ರದ್ದುಪಡಿಸಿತು, ಬೌದ್ಧ ವಿಹಾರಗಳನ್ನು ಮುಚ್ಚಿಸಿತು, ಮನೆಮನೆಯ ಒಲೆ ಆರಿಸಿ ಎಲ್ಲರೂ ಸಾಮೂಹಿಕ ಪಂಕ್ತಿಯಲ್ಲೇ ಉಣ್ಣಬೇಕೆಂದು ವಿಧಿಸಿತು. ಒಲೆಯವರೆಗೂ ಬರುವ ಅಧಿಕಾರಕ್ಕೆ ಮೌನವೂ ಅಪರಾಧವಾಗಿ ಕಾಣುತ್ತದೆ. ಅದು ನಿಮ್ಮ ನಂಬಿಕೆಯನ್ನೇ ಕೇಳುತ್ತದೆ.

ಒಮಾನ್ ಹಾಗಲ್ಲ. ಇಲ್ಲಿ ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲ, ಶೂರಾ ಎಂಬ ಚುನಾಯಿತ ಸಲಹಾ ಸಭೆಯಿದ್ದರೂ ಕೊನೆಯ ಮಾತು ಸುಲ್ತಾನರದು. ಆದರೆ ಮಸ್ಕತ್‌ನಲ್ಲಿ ಹಳೆಯ ಶಿವ ದೇವಾಲಯವಿದೆ, ಚರ್ಚುಗಳಿವೆ. ಅನುಮತಿ ಪಡೆದು ನಾವು ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಸೇರುತ್ತೇವೆ. ಆಳುವವರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ, ಅನುಮತಿಯಿಲ್ಲದೆ ಸಂಘ ಕಟ್ಟಬೇಡಿ, ಸುಲ್ತಾನರನ್ನು ನಿಂದಿಸುವುದು ಶಿಕ್ಷಾರ್ಹ ಎಂಬುದನ್ನು ಮರೆಯಬೇಡಿ.

ಇಷ್ಟನ್ನು ಪಾಲಿಸಿದರೆ ಬದುಕು ಹಗುರವಾಗಿಯೇ ಸಾಗುತ್ತದೆ, ನನ್ನ ಚಿಂತೆಯೂ ಅದೇ. ಕಳೆದ ರಜೆಯಲ್ಲಿ ಊರಿನ ಗ್ರಾಮಸಭೆಗೆ ಹೋಗಿದ್ದೆ. ಕಾಫಿ ತೋಟಕ್ಕೆ ನುಗ್ಗುವ ಆನೆಗಳ ವಿಚಾರ ಬಂದಾಗ ಅಧಿಕಾರಿಯೊಬ್ಬರನ್ನು ಪ್ರಶ್ನಿಸಲು ಎದ್ದು ನಿಂತೆ, ಆದರೆ ಮಾತು ಆರಂಭಿಸುವ ಮೊದಲೇ ದನಿ ತಗ್ಗಿತ್ತು. ಪಕ್ಕದಲ್ಲಿದ್ದ ಅಕ್ಕ ‘ಜೋರಾಗಿ ಹೇಳು’ ಎಂದು ಮೊಣಕೈ ತಿವಿದರು.