ಅಕ್ಕನ ಸಿಸ್ಟ್, ತಂಗಿಯ ಸಿಸ್ಟ್

ಸ್ಕ್ಯಾನ್ ವರದಿಯನ್ನು ನನ್ನ ಮುಂದಿಟ್ಟದ್ದು ಅಕ್ಕ. ವರದಿ ತಂಗಿಯದು. ತಂಗಿಗೆ ಇಪ್ಪತ್ತಾರರ ಸುಮಾರು, ಮದುವೆಯಾಗಿಲ್ಲ. ಕೂತಾಗಿನಿಂದ ಒಂದು ಮಾತೂ ಆಡಿರಲಿಲ್ಲ. (ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

"ನನಗೂ ಇದೇ ಆಗಿತ್ತು ಮೇಡಂ. ಆಪರೇಷನ್ ಆದಮೇಲೇ ಸರಿಹೋಗಿದ್ದು. ಇವಳಿಗೆ ನೋಡಿದರೆ ಡಾಕ್ಟರು ಎಂಟು ವಾರ ಬಿಟ್ಟು ಬಾ ಅಂದಿದ್ದಾರೆ. ಹೊಟ್ಟೇಲಿ ಗಡ್ಡೆ ಇಟ್ಕೊಂಡು ಎಂಟು ವಾರ ಸುಮ್ಮನಿರೋಕಾಗತ್ತಾ? ನೀವಾದರೂ ಹೇಳಿ."

ಮುಟ್ಟಿಗೆ ಇನ್ನೂ ವಾರ ಇದ್ದಾಗ ತಂಗಿಗೆ ಕೆಳಹೊಟ್ಟೆಯ ಬಲಗಡೆ ನೋವು ಬಂದಿತ್ತು. ಸ್ಕ್ಯಾನಿನಲ್ಲಿ ಬಲ ಅಂಡಾಶಯದಲ್ಲಿ 4.6 ಸೆಂ.ಮೀ. ಸಿಸ್ಟ್, ಅಂದರೆ ಚೀಲದಂಥ ಗಡ್ಡೆ, ಕಂಡಿತ್ತು. ಒಳಗೆ ಬಲೆಯಂಥ ಎಳೆಗಳಿವೆ, ರಕ್ತ ತುಂಬಿದ ಸಿಸ್ಟ್ ಇರಬಹುದು ಎಂದು ವರದಿಯಲ್ಲಿತ್ತು. ಅಕ್ಕನ ಕಣ್ಣಿಗೆ 'ಸಿಸ್ಟ್' ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

"ನಿಮ್ಮದು ಯಾವ ಬಗೆಯದು ಅಂತ ಹೇಳಿದ್ದರು?" ಎಂದು ಅಕ್ಕನನ್ನೇ ಕೇಳಿದೆ. ಅವರಿಗೆ ಹೆಸರು ನೆನಪಿರಲಿಲ್ಲ. "ತೆಗೆದದ್ದನ್ನು ತೋರಿಸಿದ್ದರು. ಒಳಗೆ ಕೂದಲು, ಜಿಡ್ಡು ಇತ್ತು" ಎಂದರು. ಡರ್ಮಾಯ್ಡ್! ತಂಗಿಯದಕ್ಕಿಂತ ಬೇರೆಯದೇ ಬಗೆಯ ಸಿಸ್ಟ್. ಅಲ್ಲಿಗೆ ಗೊಂದಲ ಎಲ್ಲಿದೆ ಎಂದು ತಿಳಿಯಿತು. ಹಾಳೆ ತೆಗೆದುಕೊಂಡು ಎರಡು ಅಂಡಾಶಯಗಳ ಚಿತ್ರ ಬರೆದೆ.

ಪ್ರತಿ ತಿಂಗಳೂ ಅಂಡಾಶಯದಲ್ಲಿ ನೀರು ತುಂಬಿದ ಒಂದು ಪುಟ್ಟ ಚೀಲ ಬೆಳೆಯುತ್ತದೆ. ಅದನ್ನು ಫಾಲಿಕಲ್ ಎನ್ನುತ್ತಾರೆ. ಸುಮಾರು 2 ಸೆಂ.ಮೀ. ಆದಾಗ ಅದು ಒಡೆದು ಅಂಡ ಹೊರಬರುತ್ತದೆ. ಕೆಲವು ತಿಂಗಳು ಒಡೆಯದೆ ಹಾಗೇ ಹಿಗ್ಗುತ್ತದೆ. ಇನ್ನು ಕೆಲವು ಸಲ ಒಡೆದ ಜಾಗ ಮತ್ತೆ ಮುಚ್ಚಿಕೊಂಡು ಒಳಗೆ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ತಂಗಿಗೆ ಆಗಿದ್ದು ಈ ಎರಡನೆಯದು. ಮುಟ್ಟಿಗೆ ವಾರ ಮೊದಲು ನೋವು ಬಂದದ್ದೂ ಅದಕ್ಕೆ ಹೊಂದುತ್ತದೆ. ಇಂಥವು ಹೆಚ್ಚಾಗಿ ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವಾಗಿ ಕರಗುತ್ತವೆ. ಡಾಕ್ಟರು ಕಾಯಿರಿ ಎಂದದ್ದು ಉಪೇಕ್ಷೆಯಿಂದಲ್ಲ, ಇಲ್ಲಿ ಚಿಕಿತ್ಸೆಯೇ ಅದು.

ಡರ್ಮಾಯ್ಡಿನ ಹುಟ್ಟೇ ಬೇರೆ. ಅಂಡವಾಗಬೇಕಿದ್ದ ಜೀವಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ಕಟ್ಟುವ ಶಕ್ತಿ ಇದೆ. ಅದು ಅಂಡಾಶಯದೊಳಗೇ ಬೆಳೆಯತೊಡಗಿದರೆ ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲೂ ಮೂಡುತ್ತದೆ. ಅದು ಕರಗುವಂಥದ್ದಲ್ಲ, ನಿಧಾನವಾಗಿ ಬೆಳೆಯುವಂಥದ್ದು. ದೊಡ್ಡದಾದರೆ ಭಾರಕ್ಕೆ ಅಂಡಾಶಯವೇ ತಿರುಚಿಕೊಳ್ಳಬಹುದು. ಆದ್ದರಿಂದ ಅಕ್ಕನಿಗೆ ಆಪರೇಷನ್ ಮಾಡಿದ್ದು ಸರಿ. ಅದನ್ನು ಎರಡು ಸಲ ಹೇಳಿದೆ, ಏಕೆಂದರೆ ಅವರ ಮುಖದಲ್ಲಿ 'ಹಾಗಾದರೆ ನನ್ನದನ್ನು ಸುಮ್ಮನೆ ಕೊಯ್ದರಾ' ಎಂಬ ಸಂಶಯ ಸುಳಿದಿತ್ತು.

ಉಳಿದ ಬಗೆಗಳನ್ನು ಬೇಗ ಮುಗಿಸಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದು ಹಳೆಯ ರಕ್ತ ಕಟ್ಟಿಕೊಂಡರೆ ಅದು ಚಾಕೊಲೇಟ್ ಸಿಸ್ಟ್. ಮುಟ್ಟಿನಲ್ಲಿ ವಿಪರೀತ ನೋವಿರುವವರಲ್ಲಿ ಇದನ್ನು ನೆನೆಯಬೇಕು. ತೆಗೆಯುವಾಗ ಅಂಡಗಳ ಸಂಗ್ರಹ ಕಡಿಮೆಯಾಗುವ ಭಯವಿರುವುದರಿಂದ, ಮಕ್ಕಳು ಬೇಕೆನ್ನುವವರು ವೈದ್ಯರೊಂದಿಗೆ ಮೊದಲೇ ಕೂತು ಮಾತಾಡಬೇಕು. ಸಿಸ್ಟಡೆನೋಮ ಅಂಡಾಶಯದ ಮೇಲ್ಪದರದಿಂದ ಬರುವ ಗಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆದರೆ ಬಹಳ ದೊಡ್ಡದಾಗಬಲ್ಲದು. ಮುಟ್ಟು ನಿಂತವರಲ್ಲಿ ಸಿಸ್ಟ್ ಕಂಡರೆ ಲೆಕ್ಕಾಚಾರವೇ ಬದಲಾಗುತ್ತದೆ. ಆ ವಯಸ್ಸಿನಲ್ಲಿ ಕ್ಯಾನ್ಸರ್ ಅಲ್ಲವೆಂದು ಹೆಚ್ಚು ಎಚ್ಚರದಿಂದ ಖಚಿತಪಡಿಸಿಕೊಳ್ಳುತ್ತಾರೆ.

ಅಕ್ಕ ಫೋನ್ ಬಂತೆಂದು ಹೊರಗೆ ಹೋದರು. ತಂಗಿ ಬಾಯಿಬಿಟ್ಟದ್ದು ಆಗ.

"ಇದು ಪಿಸಿಒಎಸ್ ಅಂತ ಗೆಳತಿ ಹೇಳಿದಳು. ಅದಿದ್ದರೆ ಮಕ್ಕಳಾಗಲ್ಲ ಅಂದಳು. ಅವಳು ತಗೊಂಡಿದ್ದ ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದಾಳೆ. ನಾಳೆಯಿಂದ ಶುರು ಮಾಡಬೇಕು ಅಂತಿದ್ದೆ. ಅಕ್ಕನಿಗೆ ಗೊತ್ತಿಲ್ಲ."

ತಂಗಿಯನ್ನು ಮೂರು ವಾರ ನಿದ್ದೆಗೆಡಿಸಿದ್ದು ಇದು. ಪಿಸಿಒಎಸ್‌ನಲ್ಲಿ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಕಾಣುವವು ನಿಜವಾಗಿ ಸಿಸ್ಟ್‌ಗಳೇ ಅಲ್ಲ. 2ರಿಂದ 9 ಮಿ.ಮೀ.ನಷ್ಟು ಚಿಕ್ಕ, ಪೂರ್ತಿ ಬಲಿಯದ ಫಾಲಿಕಲ್‌ಗಳು ಗುಂಪಾಗಿರುತ್ತವೆ. ಅದು ಹಾರ್ಮೋನುಗಳ ಏರುಪೇರು. ತಂಗಿಯ ಮುಟ್ಟು ಪ್ರತಿ ತಿಂಗಳೂ ಸರಿಯಾಗಿ ಬರುತ್ತಿತ್ತು, ಈ ಸಿಸ್ಟ್ ಹುಟ್ಟಿದ್ದೇ ಆ ತಿಂಗಳು ಅಂಡ ಬಿಡುಗಡೆಯಾದದ್ದರಿಂದ. ಅಂದರೆ ಇದು ಪಿಸಿಒಎಸ್‌ನ ಲಕ್ಷಣವಲ್ಲ. ಇನ್ನು ಪಿಸಿಒಎಸ್ ಇದ್ದವರಿಗೂ ಮಕ್ಕಳಾಗುತ್ತವೆ, ಕೆಲವರಿಗೆ ಚಿಕಿತ್ಸೆಯ ನೆರವು ಬೇಕಾಗಬಹುದು ಅಷ್ಟೆ. ಮಾತ್ರೆಯ ವಿಷಯವನ್ನು ಖಡಾಖಂಡಿತವಾಗಿ ಹೇಳಿದೆ: ಅದು ಹೊಸ ಸಿಸ್ಟ್ ಆಗುವುದನ್ನು ತಡೆಯಬಹುದು, ಆದರೆ ಇರುವುದನ್ನು ಬೇಗ ಕರಗಿಸುವುದಿಲ್ಲ. ಮೈಗ್ರೇನ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವ ಕೆಲವರಿಗೆ ಅಪಾಯವೂ ಹೌದು. ಇನ್ನೊಬ್ಬರ ಮಾತ್ರೆ ನುಂಗಬೇಡಿ.

"ಅಕ್ಕನಿಗೆ ಹೇಳಲಾ?" ಎಂದರು. ಅದು ನಿಮ್ಮ ಇಷ್ಟ, ಡಾಕ್ಟರಿಗೆ ಮಾತ್ರ ಹೇಳಿ ಎಂದೆ. ಅಕ್ಕ ಒಳಗೆ ಬಂದಾಗ ತಂಗಿ ತಾವಾಗಿಯೇ ಹೇಳಿದರು. "ನನ್ನ ಕೇಳಬಾರದಿತ್ತೇನೇ?" ಎಂದು ಅಕ್ಕ ಅತ್ತುಬಿಟ್ಟರು.

ಎಂಟು ವಾರ ಕಾಯುವುದಕ್ಕೂ ತಿಳಿವಳಿಕೆ ಬೇಕು. ಒಂದೇ ಕಡೆ ತಟ್ಟನೆ ಸಹಿಸಲಾಗದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ರಕ್ತಸಂಚಾರ ನಿಂತರೆ ಅದನ್ನು ಉಳಿಸಿಕೊಳ್ಳಲು ಗಂಟೆಗಳ ಲೆಕ್ಕವೇ. ನೋವಿನೊಂದಿಗೆ ತಲೆಸುತ್ತು, ಮೈ ಬೆವರುವುದು, ಭುಜದ ತುದಿಯಲ್ಲಿ ನೋವು ಇದ್ದರೆ ಸಿಸ್ಟ್ ಒಡೆದು ಒಳಗೆ ರಕ್ತ ಹೋಗುತ್ತಿರಬಹುದು. ರಾತ್ರಿ ಎರಡು ಗಂಟೆಯಾದರೂ ಬೆಳಗಾಗಲಿ ಎನ್ನಬೇಡಿ, ಹೊರಡಿ ಎಂದೆ. ಇದನ್ನು ಅಕ್ಕನ ಕೈಯಿಂದಲೇ ಬರೆಸಿದೆ. ಅವರ ಆತಂಕಕ್ಕೂ ಒಂದು ಕೆಲಸ ಬೇಕಿತ್ತು. ಭಾರ ಎತ್ತುವುದು, ಓಡುವುದು ಎಷ್ಟು ದಿನ ಬೇಡ, ಮುಂದಿನ ಸ್ಕ್ಯಾನ್ ಮುಟ್ಟಿನ ಯಾವ ದಿನಕ್ಕೆ, ಕರಗದಿದ್ದರೆ ಏನು ಮಾಡುತ್ತೀರಿ, ಆಪರೇಷನ್ ಆದರೆ ಸಿಸ್ಟ್ ಮಾತ್ರ ತೆಗೆಯುತ್ತೀರೋ ಅಂಡಾಶಯವನ್ನೂ ತೆಗೆಯುತ್ತೀರೋ ಎಂದು ಡಾಕ್ಟರನ್ನು ಕೇಳಲು ತಂಗಿ ತಾವೇ ಬರೆದುಕೊಂಡರು. ಒಂದೇ ಅಂಡಾಶಯ ಉಳಿದರೂ ಮುಟ್ಟು ಬರುತ್ತದೆ, ಬಸಿರಾಗಬಹುದು ಎಂದಾಗ ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಅಕ್ಕನಿಗೂ ಇದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ.

ಹೊರಡುವಾಗ ಅಕ್ಕನಿಗೆ ಇನ್ನೊಂದು ಮಾತು ಹೇಳಿದೆ. ಡರ್ಮಾಯ್ಡ್ ಕೆಲವರಿಗೆ ಇನ್ನೊಂದು ಅಂಡಾಶಯದಲ್ಲೂ ಬರುತ್ತದೆ, ಹಳೆಯ ವರದಿ ಹುಡುಕಿ ನಿಮ್ಮ ಡಾಕ್ಟರಿಗೆ ತೋರಿಸಿ ಎಂದು.

ಎಂಟು ವಾರವಾದ ಮೇಲೆ ತಂಗಿ ಒಬ್ಬರೇ ಫೋನ್ ಮಾಡಿದರು. "ಮೇಡಂ, ಬಲಗಡೆಯದು ಹೋಗಿದೆ. ಆದರೆ ಎಡಗಡೆ 1.9 ಸೆಂ.ಮೀ. ಫಾಲಿಕಲ್ ಅಂತ ಬರೆದಿದ್ದಾರೆ." ಒಂದು ಗಳಿಗೆ ಸುಮ್ಮನಿದ್ದು ಅವರೇ ಅಂದರು: "ಅದು ಈ ತಿಂಗಳ ಅಂಡ, ಅಲ್ವಾ?"

"ಹೌದಮ್ಮ" ಎಂದೆ.