ಮಕ್ಕಳಿಗೆ ಅಪ್ಪಚ್ಚ ಕವಿಯ ಯಾವ ನಾಟಕ?

ವಿರಾಜಪೇಟೆಯ ಮಕ್ಕಳಿಂದ ಅಪ್ಪಚ್ಚ ಕವಿಯ ನಾಟಕ ಆಡಿಸಬೇಕು, ಯಾವುದು ಸೂಕ್ತ, ಹಾಡು ಬಿಡಬಹುದಾ ಅಂತ ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತು.

ಹರದಾಸ ಅಪ್ಪಚ್ಚ ಕವಿ ಹುಟ್ಟಿದ್ದು 1868ರಲ್ಲಿ, ಕಿರುಂದಾಡು ಗ್ರಾಮದಲ್ಲಿ. ತೀರಿಕೊಂಡಿದ್ದು 1944ರಲ್ಲಿ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡಗಿನ ಕೊಡವರ ಭಾಷೆಯಲ್ಲಿ, ಬರೆದ ನಾಟಕ ನಾಲ್ಕೇ. ಮೊದಲನೆಯದು ಯಯಾತಿ, 1906ರದು. ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ. ಕೊನೆಗೆ 1918ರಲ್ಲಿ ಕಾವೇರಿ. ಮನೆಮಾತಿಗೆ ರಂಗದ ಮೇಲೆ ಜಾಗ ಕೊಟ್ಟವರು ಅವರು. ಸಣ್ಣ ಕೆಲಸ ಅಲ್ವಲ್ಲ!

ದಯವಿಟ್ಟು ಹಾಡು ಬಿಡಬೇಡಿ. ಅವು ನಡುವೆ ಸುಮ್ನೆ ತುರುಕಿದವಲ್ಲ. ಹಾಡು ತೆಗೆದರೆ ನಾಟಕದ ಉಸಿರೇ ಹೋಗುತ್ತದೆ. ಉದ್ದ ಜಾಸ್ತಿ ಅನ್ನಿಸಿದರೆ ಮಾತು ಕಡಿಮೆ ಮಾಡಿ.

ನನ್ನ ಆಯ್ಕೆ ಸಾವಿತ್ರಿ. ಯಮ ಮುಂದೆ ನಡೆಯುತ್ತಾನೆ, ಸಾವಿತ್ರಿ ಬಿಡದೆ ಹಿಂದೆ ಬರುತ್ತಾಳೆ. ಆ ದೃಶ್ಯಕ್ಕೆ ಇಬ್ಬರೇ ಮಕ್ಕಳು, ಖಾಲಿ ವೇದಿಕೆ ಸಾಕು.

ಆದರೆ ತುಲಾ ಸಂಕ್ರಮಣದ, ಅಂದರೆ ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ ಆಡುವುದಾದರೆ ಕಾವೇರಿಯನ್ನೇ ತಗೊಳ್ಳಿ. ಕಾವೇರಿಯ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ನಮ್ಮ ಐತಿಹ್ಯ ಗೊತ್ತಲ್ವಾ? ಹುಡುಗಿಯರಿಗೆ ಅಜ್ಜಿಯಂದಿರಿಂದಲೇ ಕೊಡವ ಸೀರೆ ಉಡಿಸಿ. ನೆರಿಗೆ ಬೆನ್ನ ಹಿಂದೆ ಸಿಕ್ಕಿಸುವಾಗ ಅವರು ಈ ಕಥೆ ಹೇಳಲಿ. ತಾಲೀಮು ಅಲ್ಲಿಂದಲೇ ಶುರುವಾಗುತ್ತದೆ.

ಕೊಡವ ತಕ್ಕ್ ಬಾರದ ಮಕ್ಕಳಿದ್ದರೂ ಹೆದರಬೇಡಿ. ಬರಹ ಕನ್ನಡ ಲಿಪಿಯಲ್ಲೇ ಇದೆ. ಉಚ್ಚಾರ ಮಾತ್ರ ಮನೆಯಲ್ಲಿ ಮಾತಾಡುವವರಿಂದ ಕೇಳಿ ಕಲಿಸಿ.